‘ಪಾಣಿ’ ಎಂದು ತಿದ್ದಿದ ಹುಡುಗಿ: ಒಂದನೇ ತರಗತಿಯ ಒಂದು ಪ್ರಕರಣ ಅಧ್ಯಯನ

ಈ ಪ್ರಕರಣ ಉತ್ತರ ಕರ್ನಾಟಕದ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯದು. ನಾನು ಅಲ್ಲಿ ನಲಿ-ಕಲಿ ತರಗತಿಯ ಶಿಕ್ಷಕಿ. ಮಗುವಿನ ಗುರುತು ಸಿಗಬಾರದೆಂಬ ಕಾರಣಕ್ಕೆ ಜಿಲ್ಲೆ, ಊರು, ವರ್ಷ ಯಾವುದನ್ನೂ ಹೇಳಿಲ್ಲ; ಮನೆಯ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಹುಡುಗಿಗೆ ಸುಳ್ಳು ಹೆಸರು ಕೊಡಲು ಮನಸ್ಸು ಬಾರದೆ ‘ಹುಡುಗಿ’ ಎಂದೇ ಬರೆದಿದ್ದೇನೆ. ಇಲ್ಲಿರುವ ತಪ್ಪುಗಳಲ್ಲಿ ಹೆಚ್ಚಿನವು ನನ್ನವೇ ಆದ್ದರಿಂದ ಅವುಗಳನ್ನು ಮಾತ್ರ ಬದಲಿಸದೆ ಇಟ್ಟಿದ್ದೇನೆ.

ಹಿನ್ನೆಲೆ

ನಮ್ಮ ಶಾಲೆಗೆ ಊರಿನ ಮಕ್ಕಳೂ ಒಂದು ಕಿಲೋಮೀಟರ್ ಆಚೆಯ ತಾಂಡಾದ, ಅಂದರೆ ಲಂಬಾಣಿ ಜನರ ವಸತಿಯ, ಮಕ್ಕಳೂ ಬರುತ್ತಾರೆ. ಒಂದರಿಂದ ಮೂರನೇ ತರಗತಿಯವರೆಗಿನ 27 ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ಪದ್ಧತಿ 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳಿಗೆಲ್ಲ ಬಂತು. ಅದರಲ್ಲಿ ಕಲಿಯಬೇಕಾದ್ದನ್ನೆಲ್ಲ ಹಂತಹಂತವಾಗಿ ಜೋಡಿಸಿದ ‘ಕಲಿಕಾ ಏಣಿ’ಯ ಮೈಲಿಗಲ್ಲುಗಳನ್ನು ಮಗು ತನ್ನದೇ ವೇಗದಲ್ಲಿ ಏರುತ್ತದೆ. ಆಯಾ ದಿನದ ಚಟುವಟಿಕೆಯ ಕಾರ್ಡಿಗೆ ತಕ್ಕಂತೆ, ಗುಂಪು ಕೂರುವ ಜಾಗ ತೋರಿಸುವ ಐದು ‘ಗುಂಪು ತಟ್ಟೆ’ಗಳಲ್ಲಿ ಒಂದರ ಸುತ್ತ ಕೂರುತ್ತದೆ. ಮೊದಲ ತಟ್ಟೆಯಲ್ಲಿ ಶಿಕ್ಷಕರ ಸಂಪೂರ್ಣ ಬೆಂಬಲವಿರುತ್ತದೆ, ಕೊನೆಯದರಲ್ಲಿ ಸ್ವಕಲಿಕೆ. ನಡುವಿನ ಮೂರರ ಪೈಕಿ ಎರಡು ತಟ್ಟೆಗಳಲ್ಲಿ ಸಹಪಾಠಿಗಳೇ ಒಬ್ಬರಿಗೊಬ್ಬರು ಕಲಿಸುತ್ತಾರೆ. ಈ ವ್ಯವಸ್ಥೆ ಮುಂದೆ ನಮ್ಮನ್ನು ಕಾಪಾಡಿತು, ಒಂದು ಹಂತದಲ್ಲಿ ಕೆಡಿಸಿತು ಕೂಡ.

ಆ ವರ್ಷ ಒಂದನೇ ತರಗತಿಗೆ ದಾಖಲಾದ ಒಂಬತ್ತು ಮಕ್ಕಳಲ್ಲಿ ನಾಲ್ವರು ತಾಂಡಾದವರು. ಮೂವರು ಅಂಗನವಾಡಿಗೆ ಹೋಗಿ ಬಂದಿದ್ದರು, ತಕ್ಕಮಟ್ಟಿಗೆ ಕನ್ನಡ ಬರುತ್ತಿತ್ತು. ನಾಲ್ಕನೆಯವಳೇ ಈ ಹುಡುಗಿ. ಜೂನ್ ಒಂದಕ್ಕೆ ಅವಳಿಗೆ 5 ವರ್ಷ 7 ತಿಂಗಳು. ಅದಕ್ಕೆ ಹಿಂದಿನ ಎರಡು ಹಂಗಾಮುಗಳನ್ನು ಅವಳು ಮಹಾರಾಷ್ಟ್ರದ ಕಬ್ಬಿನ ಗದ್ದೆಗಳ ಪಕ್ಕದ ಗುಡಿಸಿಲುಗಳಲ್ಲಿ ಕಳೆದಿದ್ದಳು, ಏಕೆಂದರೆ ದೀಪಾವಳಿಯ ಹೊತ್ತಿಗೆ ಗುಂಪು ಕಟ್ಟಿಕೊಂಡು ಕಬ್ಬು ಕಡಿಯಲು ಹೋಗುವ ಕುಟುಂಬಗಳಲ್ಲಿ ಅವಳದೂ ಒಂದಾಗಿತ್ತು. ಮನೆಯ ಮಾತು ಗೋರಬೋಲಿ, ಅಂದರೆ ಲಂಬಾಣಿ. ಇದು ರಾಜಸ್ಥಾನಿಗೆ ಹತ್ತಿರವಾದ ಭಾಷೆ. ಕನ್ನಡದ ಬಳಗದ್ದಲ್ಲ, ಸ್ವಂತ ಲಿಪಿಯೂ ಇಲ್ಲ. ನಮ್ಮ ಶಾಲೆಯ ಇಬ್ಬರು ಶಿಕ್ಷಕರಲ್ಲಿ ಯಾರಿಗೂ ಅದು ಬರುತ್ತಿರಲಿಲ್ಲ.

ಸಮಸ್ಯೆ

ಹುಡುಗಿ ಮಾತನಾಡಲಿಲ್ಲ. ಮೊದಲ ವಾರ ಅಳುವ ಮಕ್ಕಳು ಪ್ರತಿ ವರ್ಷವೂ ಇರುತ್ತಾರೆ. ಇವಳು ಅಳಲೂ ಇಲ್ಲ. ಹಾಜರಿ ಕರೆದಾಗ ಕೈ ಎತ್ತುತ್ತಿರಲಿಲ್ಲ, ಪಕ್ಕದವಳು ಅವಳ ಕೈ ಹಿಡಿದು ಎತ್ತುತ್ತಿದ್ದಳು. ಹಾಡಿಗೆ ತುಟಿ ಆಡಿಸುತ್ತಿರಲಿಲ್ಲ. ಎಲ್ಲರೂ ಎದ್ದರೆ ಏಳುವಳು, ಕೂತರೆ ಕೂರುವಳು. ‘ನೀರು ಕುಡಿದು ಬಾ’ ಎಂದರೆ ನನ್ನ ಮುಖ ನೋಡುವಳು. ಬೇರೆಯವರು ಹೊರಟ ಮೇಲೆ ಹೊರಡುವಳು. ಶಾಲಾ ಸಿದ್ಧತೆಗೆಂದು ಮೊದಲ 12 ವಾರ ನಡೆಸುವ ವಿದ್ಯಾಪ್ರವೇಶದ ಚಟುವಟಿಕೆಗಳಲ್ಲಿ ಮಾತಿಗೇ ಹೆಚ್ಚಿನ ಪಾಲು: ಕಥೆ ಕೇಳಿ ಉತ್ತರಿಸುವುದು, ಚಿತ್ರ ನೋಡಿ ಹೇಳುವುದು, ಅಭಿನಯ ಗೀತೆ. ಅವಳ ಹೆಸರಿನ ಮುಂದೆ ಪ್ರತಿ ವಾರವೂ ನಾನು ‘ಇನ್ನೂ ಸಾಧಿಸಿಲ್ಲ’ ಎಂದೇ ಬರೆದೆ.

ಜುಲೈ ಮುಗಿಯುವಷ್ಟರಲ್ಲಿ ನನ್ನೊಳಗೆ ಎರಡು ಅನುಮಾನಗಳು ಗಟ್ಟಿಯಾಗಿದ್ದವು. ಕಿವಿ ಕೇಳಿಸುತ್ತಿರಲಿಕ್ಕಿಲ್ಲ ಎಂಬುದು ಒಂದು, ಬುದ್ಧಿ ಬೆಳವಣಿಗೆ ನಿಧಾನವಿರಬಹುದು ಎಂಬುದು ಇನ್ನೊಂದು. ಮೂರನೆಯ ಕಾರಣವೊಂದು ಕಣ್ಣ ಮುಂದೆಯೇ ಇದ್ದರೂ ಹೊಳೆಯಲಿಲ್ಲ. ತಾಂಡಾದ ಇತರ ಮೂವರು ಮಕ್ಕಳು ಕನ್ನಡದಲ್ಲಿ ಮಾತನಾಡುತ್ತಿದ್ದುದರಿಂದ, ಭಾಷೆ ಇಲ್ಲಿ ಸಮಸ್ಯೆಯೇ ಅಲ್ಲ ಎಂದು ತೀರ್ಮಾನಿಸಿಬಿಟ್ಟಿದ್ದೆ.

ಮೊದಲು ಮಾಡಿದ ಪ್ರಯತ್ನಗಳು

ನಾನು ಮೊದಲು ಮಾಡಿದ್ದು ಬಹುಪಾಲು ಶಿಕ್ಷಕರು ಮಾಡುವುದನ್ನೇ. ಅವಳನ್ನು ಮೊದಲ ತಟ್ಟೆಯಲ್ಲಿ ನನ್ನ ಮೊಣಕಾಲಿಗೆ ತಾಗಿ ಕೂರುವಂತೆ ಕೂರಿಸಿಕೊಂಡೆ. ಒಂದೊಂದು ಶಬ್ದವನ್ನೂ ಐದಾರು ಬಾರಿ ಹೇಳಿ, ‘ಹೇಳು, ನೀನೂ ಹೇಳು’ ಎಂದೆ. ಪೆಪ್ಪರಮಿಂಟಿನ ಆಸೆ ತೋರಿಸಿದೆ. ಆಗಸ್ಟ್ ಮೊದಲ ವಾರದಲ್ಲಿ ಒಂದು ದಿನ ಪ್ರಾರ್ಥನೆಯ ಹೊತ್ತಿಗೆ, ಧೈರ್ಯ ಬರಲಿ ಎಂಬ ಸದುದ್ದೇಶದಿಂದ, ಅವಳನ್ನು ಸಾಲಿನ ಮುಂದೆ ನಿಲ್ಲಿಸಿ ಹೆಸರು ಹೇಳಲು ಕೇಳಿದೆ. ಅರ್ಧ ನಿಮಿಷ ಯಾರೂ ಉಸಿರೆತ್ತಲಿಲ್ಲ. ಆಮೇಲೆ ಹಿಂದಿನ ಸಾಲಿನಲ್ಲಿ ಯಾರೋ ‘ಮೂಗಿ’ ಎಂದರು. ಮರುದಿನದಿಂದ ನಾಲ್ಕು ದಿನ ಅವಳು ಶಾಲೆಗೆ ಬರಲಿಲ್ಲ.

ಇದೇ ಅವಧಿಯಲ್ಲಿ ನಡೆದ ಇನ್ನೊಂದು ಸಂಗತಿಯನ್ನು ಇಲ್ಲಿ ಬರೆಯಲೇಬೇಕು, ಏಕೆಂದರೆ ನಾನು ಅದನ್ನು ನೋಡಿಯೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಬೆಳಿಗ್ಗೆ ಕ್ಷೀರಭಾಗ್ಯದ ಹಾಲು ಕೊಡುವಾಗ ಅಡುಗೆಯವರು ಸಾಲಿಗೊಂದರಂತೆ ತಟ್ಟೆಯಲ್ಲಿ ಹತ್ತು ಲೋಟ ಇಟ್ಟು ಕಳಿಸುತ್ತಾರೆ. ಒಂದು ದಿನ ಅವಳ ಸಾಲಿನಲ್ಲಿ ಏಳೇ ಮಕ್ಕಳಿದ್ದರು. ತಟ್ಟೆ ಕೈಗೆ ಬಂದೊಡನೆ ಹುಡುಗಿ ಸಾಲಿನ ಮೇಲೆ ಒಮ್ಮೆ ಕಣ್ಣಾಡಿಸಿ, ಮೂರು ಲೋಟಗಳನ್ನು ಒಂದರ ಹಿಂದೊಂದು ಎತ್ತಿ ಅಡುಗೆಯವರ ಮುಂದಿಟ್ಟು, ಉಳಿದದ್ದನ್ನು ಹಂಚಿದಳು. ಹಾಲು ಚೆಲ್ಲಲಿಲ್ಲವಲ್ಲ ಎಂದಷ್ಟೇ ನಾನು ಸಮಾಧಾನಪಟ್ಟೆ. ಅದೇ ದಿನ ಮಧ್ಯಾಹ್ನ ಅವಳ ಗಣಿತದ ಅಂಕಣದಲ್ಲಿ ‘ಎಣಿಕೆ ಬರುವುದಿಲ್ಲ’ ಎಂದು ಬರೆದಿದ್ದೇನೆ. ಆ ಪುಟ ಈಗಲೂ ನನ್ನ ಬಳಿ ಇದೆ.

ತಿರುವು: ಮನೆಭೇಟಿ

ನಾಲ್ಕು ದಿನ ಗೈರುಹಾಜರಾದಾಗ ಮುಖ್ಯಗುರುಗಳು ತಾಂಡಾಕ್ಕೆ ಹೋಗಿ ಬರಲು ಹೇಳಿದರು. ಬಿಸಿಯೂಟದ ಅಡುಗೆಯವರಲ್ಲಿ ಒಬ್ಬರು ಅದೇ ತಾಂಡಾದವರಾದ್ದರಿಂದ ಸಂಜೆ ಅವರ ಜೊತೆಗೇ ಹೋದೆ. ಮನೆಯ ಓಣಿ ತಿರುಗುವ ಮೊದಲೇ ಒಂದು ದನಿ ಕೇಳಿಸಿತು. ಯಾರೋ ಯಾರನ್ನೋ ಬಯ್ಯುತ್ತಿದ್ದರು. ಕಟ್ಟೆಯ ಮೇಲೆ ನಾಲ್ಕೈದು ಸಣ್ಣ ಮಕ್ಕಳನ್ನು ಕೂರಿಸಿಕೊಂಡು, ಕೈಯಲ್ಲಿ ಜೋಳದ ದಂಟು ಹಿಡಿದು, ಹುಡುಗಿ ‘ಶಾಲೆ’ ನಡೆಸುತ್ತಿದ್ದಳು. ನನ್ನ ಹಾಗೆಯೇ ಒಂದು ಕೈ ಸೊಂಟದ ಮೇಲಿತ್ತು. ನನ್ನನ್ನು ಕಂಡದ್ದೇ ದಂಟು ಬಿಸಾಡಿ ಒಳಗೆ ಓಡಿದಳು.

ನಾನು ಅಜ್ಜಿಯನ್ನು, ‘ಆಯಿ, ಮಗಿಗೆ ಕಿವಿ ಸರಿ ಕೇಳಸ್ತಾವೇನು?’ ಎಂದು ಕೇಳಿದೆ. ಅಜ್ಜಿ ನಕ್ಕುಬಿಟ್ಟರು. ‘ಮನ್ಯಾಗ ಇಕಿ ಬಾಯಿ ಮುಚ್ಚೂದ ಇಲ್ರಿ ಅಕ್ಕೋರ. ಸಾಲ್ಯಾಗ ಮಾತಾಡಂಗಿಲ್ಲಂದ್ರ ನಿಮಗ ಪುಣ್ಯ ಬಂತು’ ಎಂದರು.

ಎರಡು ತಿಂಗಳಿಗೂ ಮೇಲ್ಪಟ್ಟ ನನ್ನ ಟಿಪ್ಪಣಿಗಳೆಲ್ಲ ಆ ಒಂದು ಸಂಜೆಗೆ ಬುಡಮೇಲಾದವು. ಆದರೂ ಅಜ್ಜಿಯ ಮಾತೊಂದನ್ನೇ ನಂಬಿ ಕೈಬಿಡಬಾರದೆಂದು, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗೆ ಬಂದಾಗ ಅವಳನ್ನು ವಿಶೇಷವಾಗಿ ತೋರಿಸಿದೆ. ಕಿವಿಯಲ್ಲಿ ದೋಷವಿರಲಿಲ್ಲ. ಮನೆಯಲ್ಲಿ ಮಾತನಾಡಿ ಶಾಲೆಯಲ್ಲಿ ಮಾತ್ರ ತಿಂಗಳುಗಟ್ಟಲೆ ಬಾಯಿ ಬಿಡದ ಮಕ್ಕಳಲ್ಲಿ ಕೆಲವರಿಗೆ ಆತಂಕದಿಂದ ಹುಟ್ಟುವ ಒಂದು ತೊಂದರೆ ಇರುತ್ತದೆ, ಅದಕ್ಕೆ ಚಿಕಿತ್ಸೆ ಬೇಕಾಗುತ್ತದೆ. ಆದರೆ ಶಾಲೆಯ ಭಾಷೆಯೇ ಗೊತ್ತಿಲ್ಲದ ಮಗುವಿನ ಮೌನವನ್ನು ಆ ತೊಂದರೆ ಎಂದು ಎಣಿಸುವ ಹಾಗಿಲ್ಲ. ಎರಡನೆಯ ಭಾಷೆಯೊಳಗೆ ಬರುವ ಸಣ್ಣ ಮಕ್ಕಳು ಹಲವು ವಾರ, ಕೆಲವೊಮ್ಮೆ ಹಲವು ತಿಂಗಳು, ಬರೀ ಕೇಳಿಸಿಕೊಳ್ಳುತ್ತಾರೆ. ಆ ಹೊತ್ತಿನಲ್ಲಿ ಒಳಗೆ ಬಹಳ ಕೆಲಸ ನಡೆದಿರುತ್ತದೆ. ಹಾಗಾದರೆ ತಾಂಡಾದ ಉಳಿದ ಮೂವರು ಮಾತನಾಡಿದ್ದು ಹೇಗೆ? ಅವರು ತಮ್ಮ ಮೌನದ ಕಾಲವನ್ನು ಅಂಗನವಾಡಿಯಲ್ಲಿ ಮುಗಿಸಿ ಬಂದಿದ್ದರು. ಇವಳ ಪಾಲಿಗೆ ಆ ಕಾಲ ಜೂನ್ ತಿಂಗಳಲ್ಲಿ ನನ್ನ ಮುಂದೆಯೇ ಶುರುವಾಗಿತ್ತು.

ಬದಲಾಯಿಸಿದ ಕ್ರಮ

ಮೊದಲ ನಿರ್ಧಾರ, ಆರು ವಾರ ಅವಳನ್ನು ಮಾತಿಗಾಗಿ ಕೇಳದಿರುವುದು. ಇದು ಬರೆಯುವುದಕ್ಕೆ ಸುಲಭ. ತರಗತಿಯಲ್ಲಿ ಪಾಲಿಸುವಾಗ ನಾಲಿಗೆ ಕಚ್ಚಿಕೊಳ್ಳಬೇಕಾಗುತ್ತಿತ್ತು. ಪ್ರಶ್ನೆಗಳನ್ನು ಕೈಯಲ್ಲಿ ಉತ್ತರಿಸುವ ಹಾಗೆ ತಿರುಗಿಸಿದೆ. ‘ಇದು ಏನು?’ ಎನ್ನುವ ಬದಲು ‘ಗರಗಸ ಯಾವುದು, ತೋರಿಸು’ ಎಂದೆ. ‘ಕಥೆ ಹೇಳು’ ಎನ್ನುವ ಬದಲು ಮೂರು ಚಿತ್ರ ಕೊಟ್ಟು ‘ಮೊದಲು ಯಾವುದು, ಆಮೇಲೆ ಯಾವುದು, ಜೋಡಿಸು’ ಎಂದೆ. ನಾನು ಮಾತ್ರ ಅವಳೊಂದಿಗೆ ಮಾತನಾಡುತ್ತಲೇ ಇದ್ದೆ, ಕೆಲಸ ಮಾಡುತ್ತ, ಮಾಡುವ ಕೆಲಸವನ್ನೇ ಹೇಳುತ್ತ.

ಎರಡನೆಯದು, ಗಣಿತವನ್ನು ಕನ್ನಡದಿಂದ ಬಿಡಿಸಿ ನೋಡುವುದು. ಹುಣಿಸೆ ಬೀಜ ಹರಡಿ, ಮೌನವಾಗಿಯೇ ಒಂದು ಆಟ ಆಡಿದೆವು: ನಾನು ಬೀಜಗಳನ್ನು ಇಡುತ್ತೇನೆ, ಅಂಗೈ ಮುಚ್ಚಿ ಕೆಲವನ್ನು ತೆಗೆಯುತ್ತೇನೆ, ಎಷ್ಟು ಹೋದವೋ ಅಷ್ಟನ್ನು ಅವಳು ತನ್ನ ಗುಡ್ಡೆಯಿಂದ ಇಡಬೇಕು. ಒಂಬತ್ತರಿಂದ ನಾಲ್ಕು ತೆಗೆದೆ. ನಾಲ್ಕು ಇಟ್ಟಳು. ಹನ್ನೆರಡರಿಂದ ಐದು ತೆಗೆದೆ. ತುಟಿ ಅಲುಗಿತು, ಐದು ಇಟ್ಟಳು. ತುಟಿಯ ಮೇಲೆ ಓಡಿದ್ದು ‘ಚಾರ್, ಪಾಂಚ್’ ಎಂದು ಅಡುಗೆಯವರು ಆಮೇಲೆ ಹೇಳಿದರು. ಲೋಟಗಳ ಲೆಕ್ಕ ನನಗೆ ಅರ್ಥವಾದದ್ದು ಆಗ. ಅವಳಿಗೆ ಎಣಿಕೆ, ಕಳೆಯುವಿಕೆ ಎರಡೂ ಬರುತ್ತಿದ್ದವು. ‘ಒಂದು, ಎರಡು’ ಎಂಬ ಹೆಸರುಗಳಷ್ಟೇ ಬರುತ್ತಿರಲಿಲ್ಲ. ಗೊತ್ತಿರುವ ಲೆಕ್ಕಕ್ಕೆ ಹೊಸ ಹೆಸರು ಅಂಟಿಸುವುದು ಮೂರು ವಾರದ ಕೆಲಸವಾಯಿತು. ‘ಎಣಿಕೆ ಬರುವುದಿಲ್ಲ’ ಎಂದುಕೊಂಡು ಮೊದಲಿನಿಂದ ಕಲಿಸಹೊರಟಿದ್ದರೆ ಇಡೀ ವರ್ಷ ಹೋಗುತ್ತಿತ್ತು, ಮಗುವಿನ ಆಸಕ್ತಿಯೂ ಹೋಗುತ್ತಿತ್ತು.

ಮೂರನೆಯದು, ನಾನೇ ಕಲಿಯಲು ಕೂತದ್ದು. ಅಡುಗೆಯವರಿಂದ ದಿನಬಳಕೆಯ ನಲವತ್ತು ಗೋರಬೋಲಿ ಶಬ್ದಗಳನ್ನು ಕನ್ನಡ ಲಿಪಿಯಲ್ಲಿ ಬರೆಸಿಕೊಂಡು, ಚಿತ್ರಗಳ ಜೊತೆ ಕಲಿಕಾ ಚಪ್ಪರದ, ಅಂದರೆ ತರಗತಿಯ ಮೇಲ್ಗಡೆ ಕಟ್ಟಿದ, ದಾರಕ್ಕೆ ತೂಗುಹಾಕಿದೆ. ಬೆಳಿಗ್ಗೆ ಹವಾಮಾನ ನಕ್ಷೆ ತುಂಬಿದ ಮೇಲೆ ಐದು ನಿಮಿಷ ತಾಂಡಾದ ಮಕ್ಕಳು ನಮಗೆಲ್ಲ ಕಲಿಸಬೇಕು. ಯಾಡಿ ಎಂದರೆ ಅಮ್ಮ, ಬಾಟಿ ಎಂದರೆ ರೊಟ್ಟಿ. ಊರಿನ ಮಕ್ಕಳಿಗೆ ಇದು ಭಾರಿ ಮೋಜು. ನನ್ನ ಉಚ್ಚಾರಕ್ಕೆ ಅವರು ನಗುವುದು, ನಾನು ಮತ್ತೆ ಹೇಳುವುದು. ಸೆಪ್ಟೆಂಬರ್ ಮೂರನೆಯ ವಾರದ ಒಂದು ಬೆಳಿಗ್ಗೆ ನೀರಿನ ಚಿತ್ರ ತೋರಿಸಿ ಹಿಂದಿಯ ರೂಢಿಯಲ್ಲಿ ‘ಪಾನಿ’ ಎಂದೆ. ಮೂಲೆಯಿಂದ ಸ್ಪಷ್ಟವಾಗಿ, ಸ್ವಲ್ಪ ಬೇಸರದ ದನಿಯಲ್ಲಿ, ‘ಪಾಣಿ’ ಎಂದು ಕೇಳಿಸಿತು. ಹುಡುಗಿ ನನ್ನ ‘ನ’ಕಾರವನ್ನು ತಿದ್ದಿದ್ದಳು. ಶಾಲೆಯಲ್ಲಿ ಅವಳು ಆಡಿದ ಮೊದಲ ಮಾತು ಅದು. ಚಪ್ಪಾಳೆ ತಟ್ಟಿಸಬೇಕೆಂದು ಕೈ ತುರಿಸಿದರೂ ಪ್ರಾರ್ಥನೆಯ ದಿನವನ್ನು ನೆನೆದು ಸುಮ್ಮನಾದೆ. ‘ಪಾಣಿ’ ಎಂದು ಅವಳ ಹಾಗೇ ಹೇಳಿ ಮುಂದಿನ ಚಿತ್ರಕ್ಕೆ ಹೋದೆ.

ಎರಡು ಹಿನ್ನಡೆಗಳು

ಅಲ್ಲಿಂದ ಮುಂದೆ ಎಲ್ಲವೂ ನೇರವಾಗಿ ಸಾಗಿತು ಎಂದೇನಲ್ಲ. ಸಹಪಾಠಿಗಳ ಬೆಂಬಲದ ತಟ್ಟೆಗೆ ಅವಳನ್ನು ಸೇರಿಸಿದಾಗ, ಎರಡೂ ಭಾಷೆ ಬಲ್ಲ ಮೂರನೇ ತರಗತಿಯ ತಾಂಡಾದ ಹುಡುಗಿಯೊಬ್ಬಳನ್ನು ಜೊತೆಗಿರಿಸಿದ್ದೆ. ಅವಳು ಚುರುಕು, ಕಕ್ಕುಲಾತಿಯವಳು. ಅಕ್ಟೋಬರ್ ಹೊತ್ತಿಗೆ ಗಮನಿಸಿದರೆ, ನಾನು ಚಿಕ್ಕವಳನ್ನು ಏನು ಕೇಳಿದರೂ ದೊಡ್ಡವಳೇ ಉತ್ತರಿಸುತ್ತಿದ್ದಳು. ಚಿಕ್ಕವಳು ಅವಳ ಕಿವಿಯಲ್ಲಿ ಪಿಸುಗುಟ್ಟಿ ಮುಗಿಸಿಬಿಡುತ್ತಿದ್ದಳು. ನಾನು ಹಾಕಿಕೊಟ್ಟ ಸೇತುವೆಯ ಮೇಲೆಯೇ ಅವಳು ಮನೆ ಮಾಡಿಕೊಂಡಿದ್ದಳು. ದಸರಾ ರಜೆಯ ನಂತರ ಜೋಡಿಯನ್ನು ಬಿಡಿಸಿ, ಲಂಬಾಣಿ ಬಾರದ, ಹೆಚ್ಚು ಮಾತಾಡದ ಊರಿನ ಹುಡುಗಿಯೊಬ್ಬಳ ಜೊತೆ ಕೂರಿಸಿದೆ. ಇಬ್ಬರೂ ಮಣ್ಣಿನ ಒಲೆ ಕಟ್ಟಿ ಆಡುತ್ತಿದ್ದರು. ಒಲೆ, ಕಟ್ಟಿಗೆ, ಹಿಟ್ಟು, ‘ತಾ’, ‘ನಂದು’, ‘ಕೊಡಂಗಿಲ್ಲ’: ನನ್ನ ಯಾವ ಕಾರ್ಡೂ ಕಲಿಸದ ಕನ್ನಡವನ್ನು ಆ ಆಟ ಹದಿನೈದು ದಿನದಲ್ಲಿ ಕಲಿಸಿತು. ನಾನು ಕೇಳಿಸಿಕೊಂಡ ಅವಳ ಮೊದಲ ಪೂರ್ತಿ ಕನ್ನಡ ವಾಕ್ಯ ಜಗಳದ್ದು.

ಎರಡನೆಯ ಹಿನ್ನಡೆ ನನ್ನ ದಾಖಲೆಯದು. ನಲಿ-ಕಲಿಯಲ್ಲಿ ಅಕ್ಷರಗಳು ವರ್ಣಮಾಲೆಯ ಸಾಲಿನಲ್ಲಿ ಬರುವುದಿಲ್ಲ. ರ, ಗ, ಸ, ದ, ಅ ಮೊದಲು, ಅನಂತರ ಜ, ವ, ಮ, ಬ, ನ. ಐದು ಅಕ್ಷರ ಕಲಿತೊಡನೆ ಸರ, ದರ, ಅರಸ, ಅಗಸ, ಗರಗಸ ಎಂದು ಶಬ್ದ ಓದಬಹುದು. ನವೆಂಬರ್‌ನಲ್ಲಿ ಹುಡುಗಿ ಈ ಐದನ್ನೂ ತಡವರಿಸದೆ ಓದಿದಳು. ಯಾವ ಮಗು ಯಾವ ಮೈಲಿಗಲ್ಲು ಮುಟ್ಟಿದೆ ಎಂದು ತೋರಿಸುವ ‘ಪ್ರಗತಿ ನೋಟ’ದಲ್ಲಿ ನಾನು ಹಿಗ್ಗಿ ಗುರುತು ಹಾಕಿದೆ. ಎರಡು ದಿನ ಬಿಟ್ಟು ಓದಿದ ಶಬ್ದಕ್ಕೆ ಚಿತ್ರ ಹೊಂದಿಸಲು ಕೊಟ್ಟಾಗ ‘ಸರ’ ಓದಿ ತನ್ನ ಕೊರಳಿನ ಮಣಿಗಳನ್ನು ಮುಟ್ಟಿದಳು, ‘ಗರಗಸ’ವನ್ನು ಆಗಸ್ಟ್‌ನಿಂದ ತೋರಿಸಿದ್ದರಿಂದ ಹೊಂದಿಸಿದಳು, ‘ಅರಸ’, ‘ಅಗಸ’ ಎರಡನ್ನೂ ಅಷ್ಟೇ ಚೆನ್ನಾಗಿ ಓದಿ ನನ್ನ ಮುಖ ನೋಡಿದಳು. ಬರೆದಂತೆ ಉಚ್ಚರಿಸುವ ನಮ್ಮ ಲಿಪಿಯ ಗುಣವೇ ಇಲ್ಲಿ ಕಣ್ಕಟ್ಟು ಮಾಡುತ್ತದೆ: ಅರ್ಥದ ಸುಳಿವಿಲ್ಲದ ಮಗುವೂ ಕನ್ನಡವನ್ನು ಸರಾಗವಾಗಿ ಓದಬಲ್ಲದು, ಕೇಳುವ ಶಿಕ್ಷಕಿ ಮೋಸಹೋಗಬಲ್ಲಳು. ಹಾಕಿದ ಗುರುತನ್ನು ಅಳಿಸಿದೆ. ಅಂದಿನಿಂದ ಯಾವ ಶಬ್ದವನ್ನೇ ಆಗಲಿ, ಮೊದಲು ವಸ್ತುವಾಗಿಯೋ ಅಭಿನಯವಾಗಿಯೋ ಬಾಯಿಮಾತಿನಲ್ಲಿ ಬಂದ ಮೇಲೆಯೇ ಕಾರ್ಡಿನಲ್ಲಿ ಕೊಟ್ಟೆ. ವೇಗ ಅರ್ಧಕ್ಕಿಳಿಯಿತು.

ದೀಪಾವಳಿಯ ಪ್ರಶ್ನೆ

ಇಷ್ಟೆಲ್ಲ ಒಂದೇ ಮಾತಿನಲ್ಲಿ ಮುಗಿದುಹೋಗುವ ಹಾಗಿತ್ತು. ದೀಪಾವಳಿಗೆ ವಾರವಿರುವಾಗ ತಂದೆ ಬಂದು ಈ ಸಲವೂ ಮಗಳನ್ನು ಕರೆದುಕೊಂಡು ಹೋಗುವುದಾಗಿ ಹೇಳಿದರು. ನಾನು ಶಿಕ್ಷಣ ಹಕ್ಕು ಕಾಯ್ದೆಯ ಮಾತೆತ್ತಿದೆ. ಅವರು ತಲೆಯಾಡಿಸಿ ಸುಮ್ಮನೆ ಕೂತರು. ಕಾನೂನು ಗೊತ್ತಿಲ್ಲದೆ ಅವರು ಬಂದಿರಲಿಲ್ಲ. ಗುತ್ತಿಗೆದಾರರಿಂದ ಮುಂಗಡ ತೆಗೆದುಕೊಂಡಾಗಿತ್ತು, ಗಂಡ-ಹೆಂಡತಿ ಇಬ್ಬರೂ ಹೋಗಲೇಬೇಕಿತ್ತು. ಹುಡುಗಿ ಬೇಕಾದದ್ದು ಎರಡು ವರ್ಷದ ತಮ್ಮನನ್ನು ಗದ್ದೆಯ ಬದುವಿನ ಮೇಲೆ ನೋಡಿಕೊಳ್ಳುವುದಕ್ಕೆ. ಮಗಳ ಓದಿನ ಬಗ್ಗೆ ನಾನು ಎಷ್ಟು ಮಾತನಾಡಿದರೂ ಆ ಪ್ರಶ್ನೆಗೆ ಅದು ಉತ್ತರವಾಗುತ್ತಿರಲಿಲ್ಲ. ಕೊನೆಗೆ ದಾರಿ ಹುಡುಕಿದ್ದು ಅಡುಗೆಯವರು: ಅದೇ ಗುಂಪಿನಲ್ಲಿ ಹೋಗುತ್ತಿದ್ದ, ಬಾಣಂತನ ಮುಗಿಸಿ ಆ ವರ್ಷ ಕಬ್ಬು ಕಡಿಯದೆ ಗುಡಿಸಿಲಲ್ಲೇ ಇರಲಿದ್ದ ಚಿಕ್ಕಮ್ಮನನ್ನು ಒಪ್ಪಿಸಿದರು. ತಮ್ಮನು ತಾಯಿಯ ಜೊತೆ ಹೋದ, ಹುಡುಗಿ ಅಜ್ಜಿಯ ಬಳಿ ಉಳಿದಳು. ಈ ಪ್ರಕರಣದ ಅತಿ ದೊಡ್ಡ ತಿರುವಿನಲ್ಲಿ ಶಿಕ್ಷಕಿಯ ಪಾಲು ಬಹಳ ಕಡಿಮೆ ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ತಂದೆತಾಯಿ ಹೋದ ಎರಡು ವಾರ ಅವಳು ಮತ್ತೆ ಮಾತು ಬಿಟ್ಟಳು. ಈ ಬಾರಿ ನಾನು ಗಾಬರಿಯಾಗಲಿಲ್ಲ. ಚಿತ್ರ ಬರೆಯಲು ಕಾಗದ ಕೊಟ್ಟು ಬಿಟ್ಟೆ. ಕಬ್ಬಿನ ಗಾಡಿಗಳನ್ನು ಬರೆದಳು, ಹಾಳೆ ತುಂಬ.

ಮಾರ್ಚ್ ಅಂತ್ಯದ ಸ್ಥಿತಿ

ವರ್ಷದ ಕೊನೆಗೆ ಗಣಿತದ ಏಣಿಯಲ್ಲಿ ಅವಳು ಒಂಬತ್ತು ಮಕ್ಕಳಲ್ಲಿ ಮೂರನೆಯವಳು. ಕನ್ನಡದಲ್ಲಿ ಕೊನೆಯಿಂದ ಎರಡನೆಯವಳು. ಹದಿನಾರು ಅಕ್ಷರಗಳನ್ನು ಗುರುತಿಸಿ, ಅವುಗಳಿಂದಾದ ಎರಡು-ಮೂರು ಅಕ್ಷರದ ಶಬ್ದಗಳನ್ನು ಅರ್ಥ ತಿಳಿದು ಓದುತ್ತಿದ್ದಳು; ಕಾಗುಣಿತ ಆಗಷ್ಟೇ ಶುರುವಾಗಿತ್ತು. ಮೂರು-ನಾಲ್ಕು ಪದದ ವಾಕ್ಯಗಳಲ್ಲಿ ಮಾತನಾಡುತ್ತಿದ್ದಳು. ‘ಅಜ್ಜಿ ಬಂದ’, ‘ಮಾಸ್ತರ ಹೋದಳು’ ಎನ್ನುವಂಥ ತಪ್ಪುಗಳು ಹೇರಳವಾಗಿದ್ದವು, ಅವುಗಳನ್ನು ತಿದ್ದಲು ನಾನು ಆತುರಪಡಲಿಲ್ಲ.

ಈ ಎರಡು ಏಣಿಗಳ ಅಂತರವೇ ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ಮುಖ್ಯ ಫಲಿತಾಂಶ. ಮೊದಲ ವರ್ಷದ ಮೌಲ್ಯಮಾಪನದಲ್ಲಿ ನಾವು ಪರಿಸರ, ಗಣಿತ, ಸಾಮಾಜಿಕ ನಡವಳಿಕೆ ಎಂದು ಬೇರೆ ಬೇರೆ ಅಂಕಣ ಹಾಕಿಕೊಂಡರೂ, ಎಲ್ಲದರಲ್ಲೂ ಅಳೆಯುವುದು ಮಗುವಿನ ಕನ್ನಡವನ್ನೇ. ಕನ್ನಡ ಬಾರದಿದ್ದರೆ ಎಲ್ಲ ಅಂಕಣಗಳೂ ಒಟ್ಟಿಗೆ ಖಾಲಿಯಾಗುತ್ತವೆ, ಎಲ್ಲ ಖಾಲಿಯಾದ ಮಗು ಮಂದಬುದ್ಧಿಯ ಮಗುವಿನಂತೆ ಕಾಣುತ್ತದೆ. ಮಾತೃಭಾಷೆಯಲ್ಲಿ ಕಲಿಸಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೂ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳುತ್ತವೆ, ಸಾಧ್ಯವಿರುವ ಮಟ್ಟಿಗೆ ಎಂಬ ಮಾತನ್ನು ಸೇರಿಸಿ. ಲಂಬಾಣಿ ಬಲ್ಲ ಶಿಕ್ಷಕರು ಸಿಗುವ ತನಕ ‘ಸಾಧ್ಯವಿರುವ ಮಟ್ಟ’ ನಮ್ಮ ಶಾಲೆಯಲ್ಲಿ ನಲವತ್ತು ಶಬ್ದ, ಒಬ್ಬ ಅಡುಗೆಯವರು, ಒಂದಿಷ್ಟು ಹುಣಿಸೆ ಬೀಜ ಆಗಿತ್ತು.

ಮುಂದಿನ ಎಚ್ಚರಿಕೆಯೂ ಒಂದಿದೆ. ಎರಡನೆಯ ಭಾಷೆಯಲ್ಲಿ ಆಟದ ಮಾತು ಒಂದೆರಡು ವರ್ಷದಲ್ಲಿ ಬಂದರೂ ಪಾಠದ ಭಾಷೆ ಹಿಡಿತಕ್ಕೆ ಬರಲು ಐದು ವರ್ಷ ಅಥವಾ ಹೆಚ್ಚು ಬೇಕು ಎಂಬುದು ಕೆನಡಾದ ಭಾಷಾ ಶಿಕ್ಷಣ ತಜ್ಞ ಜಿಮ್ ಕಮ್ಮಿನ್ಸ್ ಅವರ ಕಾಲದಿಂದ ಗೊತ್ತಿರುವ ವಿಷಯ. ಮೇಲಾಗಿ ನಮ್ಮ 34 ವ್ಯಂಜನಗಳ ಕಾಗುಣಿತವೇ ನಾನೂರು ರೂಪಗಳನ್ನು ದಾಟುತ್ತದೆ. ಮನೆಯಲ್ಲಿ ಕನ್ನಡವಾಡುವ ಮಕ್ಕಳಿಗೂ ಅದು ಎರಡು-ಮೂರು ವರ್ಷದ ಕೆಲಸ. ಓಣಿಯ ತುಂಬ ಕನ್ನಡದಲ್ಲಿ ಹರಟುವ ಇದೇ ಹುಡುಗಿ ಮೂರನೇ ತರಗತಿಯಲ್ಲಿ ಪರಿಸರ ಅಧ್ಯಯನದ ಪಾಠಕ್ಕೆ ತಡವರಿಸಿದರೆ, ‘ಕನ್ನಡ ಬರುತ್ತದಲ್ಲ, ಸೋಮಾರಿ’ ಎಂದು ಯಾರಾದರೂ ಬರೆಯುವ ಸಾಧ್ಯತೆ ಇದೆ. ಆದ್ದರಿಂದ ಈ ಟಿಪ್ಪಣಿಯ ಒಂದು ಪ್ರತಿಯನ್ನು ಅವಳ ಕಡತದಲ್ಲಿ ಇಟ್ಟಿದ್ದೇನೆ.

ನಾನು ಬೇರೆಯಾಗಿ ಮಾಡಬಹುದಾಗಿದ್ದ ಕೆಲಸ ಒಂದೇ, ಅದು ದಿನಾಂಕದ್ದು. ಆಗಸ್ಟ್‌ನ ಮನೆಭೇಟಿ ಜೂನ್‌ನಲ್ಲಿ ಆಗಬೇಕಿತ್ತು. ಈಗ ದಾಖಲಾತಿಯ ಮೊದಲ ಹದಿನೈದು ದಿನದೊಳಗೆ ಪ್ರತಿ ಮಗುವಿನ ಮನೆಗೆ ಹೋಗುತ್ತೇನೆ, ಬಾಗಿಲಲ್ಲಿ ನಿಂತು ಐದು ನಿಮಿಷ ಕೇಳಿಸಿಕೊಳ್ಳುತ್ತೇನೆ.

ತಾಂಡಾದ ನಾಲ್ವರಲ್ಲಿ ಒಬ್ಬ ಹುಡುಗನ ಮಾತು ಉಳಿದಿದೆ. ಜೂನ್‌ನಲ್ಲಿ ಅವನೇ ಚೆನ್ನಾಗಿ ಕನ್ನಡ ಮಾತನಾಡುತ್ತಿದ್ದವನು. ಅವನ ಬಗ್ಗೆ ನಾನು ಒಂದು ಸಾಲೂ ವಿಶೇಷವಾಗಿ ಬರೆದಿಟ್ಟಿರಲಿಲ್ಲ. ದೀಪಾವಳಿಗೆ ಅವನ ಮನೆಯವರು ಯಾರಿಗೂ ಹೇಳದೆ ಹೊರಟರು. ಯುಗಾದಿಗೆ ಮರಳಿ ಬಂದಾಗ ಪ್ರಗತಿ ನೋಟದಲ್ಲಿ ಅವನ ಗುರುತು ‘ಜ, ವ, ಮ, ಬ, ನ’ದ ಮೈಲಿಗಲ್ಲಿನಲ್ಲಿಯೇ ಇತ್ತು. ಅವನು ತನ್ನ ಹೆಸರಿನ ಮುಂದಿನ ಖಾಲಿ ಮನೆಗಳ ಮೇಲೆ ಬೆರಳಾಡಿಸಿ, ‘ಇಲ್ಲೆಲ್ಲ ನಾ ಇದ್ದಿಲ್ಲೇನ್ರಿ?’ ಎಂದು ಕೇಳಿದ.